ಕಾರವಾರದ 1638ರ ‘ಫ್ಯಾಕ್ಟರಿ’: ಕಾರ್ಖಾನೆ ಅಂತ ಬರೆದರೆ ತಪ್ಪಾ?

ಕಾಳಿದಂಡೆ ಅಕ್ಕೋರು, ಕಾರವಾರ

ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ಊರಿನ ಇತಿಹಾಸದ ಒಂದು ಫಲಕ ಸಿದ್ಧವಾಗ್ತಾ ಇದೆ. ಇಂಗ್ಲಿಷ್ ಪುಸ್ತಕಗಳ ಸಾಲುಗಳನ್ನು ಕನ್ನಡಕ್ಕೆ ತರುವಾಗ ಒಂದು ಶಬ್ದದ ಹತ್ತಿರ ಕೆಲಸ ನಿಂತಿದೆ. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ‘ಫ್ಯಾಕ್ಟರಿ’ ತೆರೆದರು ಅಂತ ಎಲ್ಲ ಕಡೆ ಇದೆ. ಕರಡಿನಲ್ಲಿ ಅದು ‘ಕಾರ್ಖಾನೆ ಸ್ಥಾಪಿಸಿದರು’ ಅಂತಾಗಿದೆ. ಈಗಿನ ಮಕ್ಕಳಿಗೆ ಕಾರ್ಖಾನೆ ಅಂದರೆ ದಾಂಡೇಲಿಯ ಕಾಗದದ ಗಿರಣಿ, ಬಿಣಗಾದ ಹೊಗೆಗೂಡು. ಓದಿದವರು ಮೊದಲು ಕೇಳುವುದೇ ‘ಅಲ್ಲಿ ಏನು ತಯಾರು ಮಾಡ್ತಿದ್ರು?’ ಅಂತ. ಉತ್ತರ ‘ಏನೂ ಇಲ್ಲ’ ಅಂತಾದರೆ ಫಲಕದ ಶಬ್ದವೇ ತಪ್ಪು ಅಂತಾಯ್ತಲ್ಲ?

ಅದೇ ಪುಟಗಳಲ್ಲಿ ‘ಫ್ಯಾಕ್ಟರ್’, ‘ರೈಟರ್’ ಅಂತಲೂ ಬರುತ್ತದೆ. ಮೊಬೈಲಿನ ಅನುವಾದಕ್ಕೆ ಕೊಟ್ಟರೆ ಮೊದಲನೆಯದು ‘ಅಂಶ’, ಎರಡನೆಯದು ‘ಲೇಖಕ’ ಆಗಿ ಬರುತ್ತದೆ. ಆಗಿನ ಇಂಗ್ಲಿಷಿನಲ್ಲಿ ಈ ಶಬ್ದಗಳ ಅರ್ಥ ಏನಿತ್ತು, ಯಾವಾಗ ಬದಲಾಯಿತು? ಫಲಕಕ್ಕೆ ಕೋಠಿ, ಮಳಿಗೆ, ವ್ಯಾಪಾರ ಕೇಂದ್ರ, ಇವುಗಳಲ್ಲಿ ಯಾವುದು ಸರಿ ಕೂರುತ್ತದೆ? ತಿಳಿದವರು ಬಿಡಿಸಿ ಹೇಳಿ.

ಹಳೇಕಡತ, ಅಂಕೋಲಾ

ಅಕ್ಕೋರೆ, ತಪ್ಪೇ. ಯಾಕೆ ತಪ್ಪು ಅಂತ ತಿಳಿಯಬೇಕಾದರೆ ಫ್ಯಾಕ್ಟರಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಫ್ಯಾಕ್ಟರ್ ಯಾರು ಅಂತ ನೋಡಬೇಕು.

ಲ್ಯಾಟಿನ್‌ನಲ್ಲಿ ‘ಫಾಕೆರೆ’ ಅಂದರೆ ಮಾಡುವುದು, ‘ಫಾಕ್ಟೊರ್’ ಅಂದರೆ ಮಾಡುವವನು. ಯೂರೋಪಿನ ವರ್ತಕರ ಬಾಯಲ್ಲಿ ಅದು ಧಣಿಯ ಪರವಾಗಿ ದೂರದ ಊರಿನಲ್ಲಿ ಕೂತು ಕೊಡುಕೊಳ್ಳುವಿಕೆ ಮಾಡುವವನ ಹೆಸರಾಯಿತು. ನಮ್ಮ ‘ಕಾರಕೂನ’ ಇದೇ ಅಚ್ಚಿನಲ್ಲಿ ಎರಕ ಹೊಯ್ದ ಶಬ್ದ. ಫಾರ್ಸಿಯಲ್ಲಿ ‘ಕಾರ್’ ಅಂದರೆ ಕೆಲಸ, ‘ಕುನ್’ ಅಂದರೆ ಮಾಡುವವನು. ಗಣಿತದಲ್ಲಿ ಅಪವರ್ತನಕ್ಕೆ ಫ್ಯಾಕ್ಟರ್ ಅನ್ನುವುದೂ, ‘ಇದಕ್ಕೆ ಹಲವು ಫ್ಯಾಕ್ಟರ್‌ಗಳಿವೆ’ ಅನ್ನುವಾಗಿನ ಅಂಶವೂ ಇದೇ ಬೇರಿನವು: ಫಲವನ್ನು ಉಂಟು ಮಾಡುವ ವಸ್ತು. ನಿಮ್ಮ ಮೊಬೈಲು ಈ ಹೊಸ ಅರ್ಥವನ್ನು ಹಿಡಿದುಕೊಂಡು ಹಳೆಯ ಮನುಷ್ಯನನ್ನು ಬಿಟ್ಟಿತು.

ಫ್ಯಾಕ್ಟರ್ ಇರುವ ಜಾಗ ಫ್ಯಾಕ್ಟರಿ. ಪೋರ್ಚುಗೀಸರಲ್ಲಿ ‘ಫೆಯ್ತೋರ್’ ಇರುವ ಜಾಗ ‘ಫೆಯ್ತೋರಿಯಾ’. ಪಶ್ಚಿಮ ಆಫ್ರಿಕದ ಕರಾವಳಿಯ ಆರ್ಗಿಂ ದ್ವೀಪದಲ್ಲಿ 15ನೇ ಶತಮಾನದ ನಡುವಿಗೇ ಅವರದೊಂದು ಫೆಯ್ತೋರಿಯಾ ಇತ್ತು. ಇಂಗ್ಲಿಷಿನಲ್ಲಿ ಈ ಅರ್ಥದ ಫ್ಯಾಕ್ಟರಿ 16ನೇ ಶತಮಾನದ ಕೊನೆಯ ಹೊತ್ತಿಗೆ ರೂಢಿಯಲ್ಲಿದೆ. ಆಗ ಒಂದೇ ಶಬ್ದಕ್ಕೆ ಮೂರು ಅರ್ಥ ನಡೆಯುತ್ತಿತ್ತು. ಫ್ಯಾಕ್ಟರನ ಹುದ್ದೆ ಒಂದು. ಪರದೇಶದ ಊರಿನಲ್ಲಿ ಒಟ್ಟಾಗಿ ನೆಲೆಸಿದ ವರ್ತಕರ ಕೂಟ ಇನ್ನೊಂದು. ಅವರ ಮನೆ, ಕಚೇರಿ, ಉಗ್ರಾಣ ಎಲ್ಲ ಸೇರಿದ ಕಟ್ಟಡ ಮೂರನೆಯದು. ಪೋರ್ಚುಗಲ್ಲಿನ ಪೋರ್ತೊ ಊರಿನಲ್ಲಿ ಇಂಗ್ಲಿಷ್ ದ್ರಾಕ್ಷಾರಸದ ವರ್ತಕರ ‘ಫ್ಯಾಕ್ಟರಿ ಹೌಸ್’ ಈಗಲೂ ನಿಂತಿದೆ. ಕೆನಡಾದ ಭೂಪಟದಲ್ಲಿ ಯಾರ್ಕ್ ಫ್ಯಾಕ್ಟರಿ, ಮೂಸ್ ಫ್ಯಾಕ್ಟರಿ ಅಂತ ಜಾಗಗಳಿವೆ. ಅವು ಹಡ್ಸನ್ಸ್ ಬೇ ಕಂಪನಿ ತುಪ್ಪಳದ ಚರ್ಮ ಕೊಳ್ಳುತ್ತಿದ್ದ ನೆಲೆಗಳು.

ಆದ್ದರಿಂದ ‘ಕಾರವಾರದ ಫ್ಯಾಕ್ಟರಿಯ ಮೇಲೆ ದಂಡ ಹೇರಿದರು’ ಅಂತ ಹಳೆಯ ಬರಹದಲ್ಲಿ ಬಂದರೆ ಅದು ವರ್ತಕರ ಕೂಟ. ‘ಫ್ಯಾಕ್ಟರಿಗೆ ಮುತ್ತಿಗೆ ಹಾಕಿದರು’ ಅಂದರೆ ಕಟ್ಟಡ. ಎರಡಕ್ಕೂ ಒಂದೇ ಕನ್ನಡ ಶಬ್ದ ಹಾಕುವ ಹಟ ಬೇಡ.

ಈಗ ಕಾರವಾರ. 1638ರಲ್ಲಿ ಇಲ್ಲಿ ಫ್ಯಾಕ್ಟರಿ ತೆರೆದದ್ದು ಈಸ್ಟ್ ಇಂಡಿಯಾ ಕಂಪನಿ ಅಲ್ಲ, ಅದರ ಎದುರಾಳಿಯಾದ ಕೋರ್ಟೀನ್ ಸಂಘ. ಇಂಗ್ಲೆಂಡಿನ ದೊರೆ 1ನೇ ಚಾರ್ಲ್ಸ್ ಈ ಸಂಘಕ್ಕೆ ಪರವಾನಗಿ ಕೊಟ್ಟಿದ್ದ. 1649ರ ಸುಮಾರಿಗೆ ಅದು ಕಂಪನಿಯೊಳಗೆ ಸೇರಿಹೋಯಿತು. ಫಲಕದಲ್ಲಿ ‘1638ರಲ್ಲಿ ಈಸ್ಟ್ ಇಂಡಿಯಾ ಕಂಪನಿ’ ಅಂತ ಇದ್ದರೆ ಅದನ್ನೂ ತಿದ್ದಿ. ಜಾಗ ಕಡವಾಡ, ಈಗಿನ ಪೇಟೆಯಿಂದ ಐದಾರು ಕಿಲೋಮೀಟರ್ ಪೂರ್ವಕ್ಕೆ, ಕಾಳಿ ನದಿಯ ದಂಡೆ. ಹಳೆಯ ಕಾಗದಗಳ ‘ಕಾರವಾರ’ ಆ ಊರು, ಈಗಿನ ಬಂದರಿನ ಪೇಟೆ ಅಲ್ಲ. ಮದರಾಸಿನಲ್ಲಿ ಕಂಪನಿಗೆ ನೆಲ ಸಿಕ್ಕಿದ್ದು 1639ರಲ್ಲಿ. ನಮ್ಮ ಕಡವಾಡದ್ದು ಅದಕ್ಕಿಂತ ಒಂದು ವರ್ಷ ಹಿರಿಯದು.

ಅಲ್ಲಿ ಏನು ತಯಾರಾಗುತ್ತಿತ್ತು ಅನ್ನುವ ಪ್ರಶ್ನೆಗೆ ನೇರ ಉತ್ತರ: ಅಲ್ಲಿ ಕೊಂಡು, ಕೂಡಿಟ್ಟು, ಹಡಗಿಗೆ ಏರಿಸುತ್ತಿದ್ದರು, ಅಷ್ಟೇ. 1660ರ ಹೊತ್ತಿಗೆ ಪಶ್ಚಿಮ ಭಾರತದ ಅತಿ ನಯವಾದ ಮಸ್ಲಿನ್ ಬಟ್ಟೆ ಇಲ್ಲಿಂದ ಹೋಗುತ್ತಿತ್ತು. ನೇಯುತ್ತಿದ್ದದ್ದು ಘಟ್ಟದ ಮೇಲೆ, ಹುಬ್ಬಳ್ಳಿ ಮತ್ತು ಸುತ್ತಲಿನ ಊರುಗಳಲ್ಲಿ. ಅಲ್ಲಿ 50,000 ನೇಕಾರರಿಗೆ ಕೆಲಸವಿತ್ತು ಅಂತ ಬ್ರಿಟಿಷ್ ಕಾಲದ ಗೆಜೆಟಿಯರ್ ಬರೆಯುತ್ತದೆ. ಇದರ ಜತೆ ಶಿರಸಿ ಕಡೆಯ ಸೋದೆ ಸೀಮೆಯ ಕಾಳುಮೆಣಸು, ಏಲಕ್ಕಿ, ‘ಡುಂಗರಿ’ ಅನ್ನುವ ಒರಟು ನೀಲಿ ಹತ್ತಿಬಟ್ಟೆ. ಇಂಗ್ಲಿಷಿನ ‘ಡಂಗರೀ’ ಅನ್ನುವ ಉಡುಪಿನ ಹೆಸರು ಈ ಬಟ್ಟೆಯಿಂದಲೇ ಬಂದದ್ದು. ‘ಕಾರ್ಖಾನೆ’ ಅಂತ ಬರೆದರೆ ಓದುವವರು ಹುಬ್ಬಳ್ಳಿ ನೇಕಾರರ ಮಗ್ಗವನ್ನು ಕಡವಾಡಕ್ಕೆ ತಂದು ಇಂಗ್ಲಿಷರ ಕೈಗೆ ಕೊಟ್ಟ ಹಾಗೆ ಆಗುತ್ತದೆ. ಬರೀ ಶಬ್ದದ ತಪ್ಪಾಗಿ ಅದು ನಿಲ್ಲುವುದಿಲ್ಲ, ನೇಯ್ದವರ ಹೆಸರೇ ಅಳಿಸಿಹೋಗುತ್ತದೆ.

ಹಡಗೇ ಬಂದು ಕೊಳ್ಳಬಹುದಿತ್ತು, ಊರಲ್ಲಿ ಮನೆ ಮಾಡಿ ಕೂರುವುದು ಯಾಕೆ ಬೇಕಿತ್ತು ಅಂತ ಮಕ್ಕಳು ಕೇಳಿದರೆ ಗಾಳಿಯ ಲೆಕ್ಕ ಹೇಳಿ. ಮಳೆಗಾಲದಲ್ಲಿ ಅಳಿವೆ ಮುಚ್ಚಿದ ಹಾಗೆ, ಹಡಗು ಒಳಗೆ ಬರುವ ಹಾಗಿಲ್ಲ. ಯೂರೋಪಿನ ಹಡಗು ಮಳೆ ನಿಂತ ಮೇಲೆ ಬಂದು, ಈಶಾನ್ಯದ ಗಾಳಿ ಇರುವಾಗಲೇ ಹೊರಡಬೇಕು. ಘಟ್ಟದ ಮೇಲೆ ಮೆಣಸಿನ ಕೊಯ್ಲು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಕೊಯ್ದು, ಬಿಡಿಸಿ, ಒಣಗಿಸಿ, ಎತ್ತಿನ ಹೇರಿನಲ್ಲಿ ಘಟ್ಟ ಇಳಿಸುವಷ್ಟರಲ್ಲಿ ಹಡಗು ಹೊರಟುಹೋಗಿರುತ್ತದೆ. ಹಡಗು ಬಂದ ಮೇಲೆ ಕೊಳ್ಳಲು ಹೊರಟರೆ ಪೇಟೆಯ ಎಲ್ಲ ವರ್ತಕರಿಗೂ ಅವಸರ ಗೊತ್ತಾಗಿ ದರ ಏರುತ್ತದೆ. ಅದಕ್ಕೇ ವರ್ಷವಿಡೀ ಒಬ್ಬ ಫ್ಯಾಕ್ಟರ್ ಇಲ್ಲೇ ಇರಬೇಕು. ಸುಗ್ಗಿಗೆ ಮೊದಲೇ ಸ್ಥಳೀಯ ವರ್ತಕರಿಗೆ ಮುಂಗಡ ಹಂಚಬೇಕು. ಮಾಲು ಬಂದಾಗ ತೂಗಿ, ಜೊಳ್ಳು ಕಡ್ಡಿ ತೆಗೆಸಿ, ಒಂದು ಮಳೆಗಾಲ ದಾಟುವ ತನಕ ಒಣಗಿದ ಜಾಗದಲ್ಲಿ ಇಡಬೇಕು. ಈ ಉಗ್ರಾಣದ ನೆಲ ಒದ್ದೆಯಾದರೆ ಮೆಣಸಿಗೆ ಬೂಸರು ಹಿಡಿದು ವರ್ಷದ ಮುಂಗಡವೆಲ್ಲ ಮಣ್ಣುಪಾಲು.

ತೂಕದಲ್ಲೂ ಜಗಳ ಇದ್ದೇ ಇತ್ತು. ಖಂಡಿಗೆ 20 ಮಣ ಅನ್ನುವುದು ಸಾಮಾನ್ಯ ರೂಢಿ, ಆದರೆ ಮಣ ಒಂದೊಂದು ಪೇಟೆಯಲ್ಲಿ ಒಂದೊಂದು ತೂಕ. ಹಳೆಯ ಲೆಕ್ಕದಲ್ಲಿ ‘ಇಷ್ಟು ಖಂಡಿ’ ಅಂತ ಕಂಡ ತಕ್ಷಣ ಕಿಲೋಗೆ ಇಳಿಸಬೇಡಿ. ಯಾವ ಪೇಟೆಯ ಮಣ ಅಂತ ಗೊತ್ತಾಗದೆ ಇಳಿಸಿದ ಅಂಕಿಗೆ ಬೆಲೆ ಇಲ್ಲ.

ರೈಟರ್ ವಿಷಯ. ಕಂಪನಿಯ ನೌಕರರಿಗೆ ಮೆಟ್ಟಿಲುಗಳಿದ್ದವು. ಕೆಳಗೆ ಅಪ್ರೆಂಟಿಸ್, ಅವನ ಮೇಲೆ ರೈಟರ್, ಆಮೇಲೆ ಫ್ಯಾಕ್ಟರ್, ಆಮೇಲೆ ಮರ್ಚಂಟ್, ತುದಿಯಲ್ಲಿ ಸೀನಿಯರ್ ಮರ್ಚಂಟ್. 1670ರ ದಶಕದಲ್ಲಿ ಲಂಡನ್ನಿನವರು ಈ ಕ್ರಮವನ್ನು ಬರೆದೇ ಕಳಿಸಿದ್ದಾರೆ. ರೈಟರ್ ಅಂದರೆ ಪತ್ರ ನಕಲು ಮಾಡಿ ಲೆಕ್ಕ ಬರೆಯುವ ಗುಮಾಸ್ತ. ಕೋಲ್ಕತ್ತಾದ ರೈಟರ್ಸ್ ಬಿಲ್ಡಿಂಗ್ ಇಂಥವರಿಗಾಗಿ ಕಟ್ಟಿದ್ದು. ಪೊಲೀಸ್ ಠಾಣೆಯಲ್ಲಿ, ಕಾಫಿ ತೋಟದಲ್ಲಿ ಈಗಲೂ ‘ರೈಟರ್’ ಇದ್ದಾರಲ್ಲ, ಅದೇ ಶಬ್ದ, ಹೆಚ್ಚುಕಡಿಮೆ ಅದೇ ಕೆಲಸ. ಫಲಕಕ್ಕೆ ‘ಗುಮಾಸ್ತ’ ಸಾಕು.

ಅರ್ಥ ಬದಲಾದದ್ದು ‘ಮ್ಯಾನುಫ್ಯಾಕ್ಟರಿ’ಯಿಂದ. ಲ್ಯಾಟಿನ್‌ನಲ್ಲಿ ‘ಮಾನುಸ್’ ಅಂದರೆ ಕೈ. ಕೈಯಿಂದ ಮಾಡುವುದು ಮ್ಯಾನುಫ್ಯಾಕ್ಚರ್, ಮಾಡುವ ಜಾಗ ಮ್ಯಾನುಫ್ಯಾಕ್ಟರಿ. 17ನೇ ಶತಮಾನದಿಂದಲೇ ಇದನ್ನು ಮೊಟಕು ಮಾಡಿ ಫ್ಯಾಕ್ಟರಿ ಅನ್ನುವುದು ಅಲ್ಲಲ್ಲಿ ಶುರುವಾಗಿತ್ತು, ಆದರೆ ವರ್ತಕರ ಅರ್ಥವೇ ಮುಂದೆ ಇತ್ತು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಅನ್ನುವವನು ಇಂಗ್ಲೆಂಡಿನ ಕ್ರಾಂಫರ್ಡಿನಲ್ಲಿ ನೀರಿನ ಬಲದ ನೂಲಿನ ಗಿರಣಿ ಕಟ್ಟಿಸಿದ ಮೇಲೆ ಅಂಥ ಕಟ್ಟಡಗಳು ಹೆಚ್ಚಾಗುತ್ತ ಬಂದ ಹಾಗೆ ಶಬ್ದವೂ ಅತ್ತ ವಾಲಿತು. 1833ರ ಬ್ರಿಟಿಷ್ ಫ್ಯಾಕ್ಟರಿ ಕಾಯ್ದೆಯ ಹೊತ್ತಿಗೆ ಯಂತ್ರದ ಅರ್ಥ ಗಟ್ಟಿಯಾಗಿ ಕೂತಿದೆ. ಆ ವೇಳೆಗೆ ಕಾರವಾರದ ಫ್ಯಾಕ್ಟರಿ ಮುಚ್ಚಿ 80 ವರ್ಷ ಕಳೆದಿತ್ತು. ಅದರ ಆಯುಷ್ಯವಿಡೀ ಶಬ್ದ ಹಳೆಯ ಅರ್ಥದಲ್ಲೇ ನಡೆದಿದೆ.

ವಖಾರಿ ಲೆಕ್ಕ, ಶಿರಸಿ

ಮೇಲಿನವರು ಹೇಳಿದ್ದನ್ನು ಓದುತ್ತ ಹೋದರೆ ಶಿರಸಿಯ ಯಾರಿಗಾದರೂ ಒಂದೇ ಶಬ್ದ ನೆನಪಾಗುತ್ತದೆ ಮಾರಾಯ್ರೆ: ವಖಾರಿ. ಕೋಠಿ, ಕೇಂದ್ರ ಅಂತ ಹುಡುಕುವುದೇ ಬೇಡ.

ಅಡಿಕೆ ವಖಾರಿಯಲ್ಲಿ ನಡೆಯುವುದನ್ನು ಸಾಲಾಗಿ ನೋಡಿ. ಬೆಳೆಗಾರನಿಗೆ ಕೊಯ್ಲಿಗೆ ಮುಂಚೆ ಮುಂಗಡ ಹೋಗುತ್ತದೆ. ಮಾಲು ಚೀಲದಲ್ಲಿ ಬರುತ್ತದೆ, ತೂಕ ಆಗುತ್ತದೆ, ಬೆಳೆಗಾರನ ಹೆಸರಲ್ಲಿ ಲೆಕ್ಕ ಹತ್ತುತ್ತದೆ. ಚಾಲಿ ಬೇರೆ, ರಾಶಿ ಬೇರೆ, ಬೆಟ್ಟೆ ಬೇರೆ, ಕೆಂಪುಗೋಟು ಬಿಳೆಗೋಟು ಬೇರೆ. ವ್ಯಾಪಾರಿ ಬಂದು ಚೀಲದ ಬಾಯಿ ಬಿಚ್ಚಿ ಕೈಹಾಕಿ ಅಡಿಯಿಂದ ಒಂದು ಹಿಡಿ ತೆಗೆಯುತ್ತಾನೆ, ಅಡಿಕೆಯನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ಆಮೇಲೆ ದರ ಬರೆಯುತ್ತಾನೆ. ದರ ಬರದಿದ್ದರೆ ಮಾಲು ಅಲ್ಲೇ ಕೂರುತ್ತದೆ. ವಖಾರಿಯವನಿಗೆ ದಲಾಲಿ ಸಿಗುತ್ತದೆ. ಅಲ್ಲಿ ಅಡಿಕೆ ಬೆಳೆಯುವುದೂ ಇಲ್ಲ, ಬೇಯಿಸುವುದೂ ಇಲ್ಲ. ಕಡವಾಡದ ಫ್ಯಾಕ್ಟರಿಯಲ್ಲಿ ಅಡಿಕೆಯ ಬದಲು ಮೆಣಸು, ಮಸ್ಲಿನ್; ವ್ಯಾಪಾರಿಯ ಲಾರಿಯ ಬದಲು ಹಡಗು.

ಇದು ಬರೀ ಹೋಲಿಕೆ ಅಲ್ಲ. ಮರಾಠಿಯ ಇತಿಹಾಸ ಬರಹದಲ್ಲಿ ಇಂಗ್ಲಿಷ್ ಫ್ಯಾಕ್ಟರಿಗೆ ರೂಢಿಯ ಶಬ್ದವೇ ‘ವಖಾರ’. ಸೂರತ್ತಿನ ವಖಾರ, ರಾಜಾಪುರದ ವಖಾರ, ಕಾರವಾರದ ವಖಾರ ಅಂತಲೇ ಅವರು ಬರೆಯುವುದು. ಆ ಶಬ್ದ ನಮ್ಮ ಪೇಟೆಯಲ್ಲಿ ಜೀವಂತವಾಗಿದೆ, ಹುಬ್ಬಳ್ಳಿ ಕಡೆ ಕಟ್ಟಿಗೆ ವಖಾರಿಯಲ್ಲೂ ಇದೆ. ಕಾರವಾರದ ಮನೆಗಳಲ್ಲಿ ಕೊಂಕಣಿ, ಮರಾಠಿ ಬಲ್ಲವರು ಬೇಕಾದಷ್ಟಿದ್ದಾರೆ, ಮಕ್ಕಳಿಗೆ ವಿವರಿಸುವ ಕಷ್ಟವೂ ಇಲ್ಲ.

ಕರಾವಳಿಯದ್ದೇ ಬೇಕು ಅಂದರೆ ‘ಬಂಡಸಾಲೆ’ ಇದೆ. ಭಾಂಡಶಾಲೆ, ಸರಕು ಇಡುವ ಮನೆ. ಇಂಗ್ಲಿಷರು ಇದೇ ಶಬ್ದವನ್ನು ಎತ್ತಿಕೊಂಡು ‘ಬ್ಯಾಂಕ್‌ಶಾಲ್’ ಮಾಡಿಕೊಂಡರು ಅಂತ ಹೇಳುವವರಿದ್ದಾರೆ. ಆದರೆ ಬಂಡಸಾಲೆ ಅಂದಾಗ ಕಟ್ಟಡ ಮಾತ್ರ ಕಣ್ಣಿಗೆ ಬರುತ್ತದೆ. ವಖಾರಿ ಅಂದಾಗ ಕಟ್ಟಡ, ವ್ಯವಹಾರ, ಅದನ್ನು ನಡೆಸುವವರು ಎಲ್ಲ ಬರುತ್ತದೆ. ‘ಆ ವಖಾರಿ ಮುಳುಗಿತು’ ಅಂದರೆ ಗೋಡೆ ಬಿತ್ತು ಅಂತ ಯಾರೂ ತಿಳಿಯುವುದಿಲ್ಲ. ಫ್ಯಾಕ್ಟರಿಗಿದ್ದ ಕೂಟ, ಕಟ್ಟಡ ಎರಡೂ ಅರ್ಥ ಇದೊಂದರಲ್ಲೇ ಸಿಗುತ್ತವೆ.

ಅನುವಾದದ ಮೇಜು, ಕುಮಟಾ

ವಖಾರಿಗೆ ನನ್ನದೂ ಒಪ್ಪಿಗೆ, ಒಂದು ತಕರಾರು ಇಟ್ಟುಕೊಂಡು. ಇಂಗ್ಲಿಷ್ ಫ್ಯಾಕ್ಟರಿಯಲ್ಲಿ ನೌಕರರು ವಾಸವೂ ಇದ್ದರು, ಒಟ್ಟಿಗೆ ಉಣ್ಣುತ್ತಿದ್ದರು, ಕಾವಲಿನವರಿದ್ದರು. ಅಡಿಕೆ ವಖಾರಿಯಲ್ಲಿ ಅದಿಲ್ಲ. ಆದ್ದರಿಂದ ಮೊದಲ ಸಲ ‘ವಖಾರಿ, ಅಂದರೆ ವರ್ತಕರು ವಾಸವಿದ್ದು ಸರಕು ಕೊಂಡು ಕೂಡಿಡುವ ಮನೆ’ ಅಂತ ಬಿಡಿಸಿ, ಮುಂದೆ ಬರೀ ವಖಾರಿ ಅನ್ನಿ. ಪಠ್ಯಪುಸ್ತಕದ ‘ಕೋಠಿ’ಯೂ ತಪ್ಪಲ್ಲ. ಪರೀಕ್ಷೆಗೆ ಓದುವ ಮಕ್ಕಳಿಗಾಗಿ ಅದನ್ನು ಒಮ್ಮೆ ಸೇರಿಸಿದರೆ ಒಳ್ಳೆಯದು.

‘ಕಾರ್ಖಾನೆ’ ಹಾಕಿದವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಅದರದ್ದೂ ಇದೇ ಕಥೆ. ಫಾರ್ಸಿಯಲ್ಲಿ ಕಾರ್‌ಖಾನಾ ಅಂದರೆ ಕೆಲಸದ ಮನೆ. ಶಿವಾಜಿಯ ಆಡಳಿತದಲ್ಲಿ 18 ಕಾರಖಾನೆ, 12 ಮಹಾಲ ಅಂತ ಇದ್ದವು; ಅವು ಅರಮನೆ ಮತ್ತು ಸೇನೆಯ ಇಲಾಖೆಗಳು. ಕೋಟೆಯ ‘ಕಾರಖಾನೀಸ’ ದವಸಧಾನ್ಯ, ಸಾಮಗ್ರಿಯ ಉಗ್ರಾಣ ನೋಡಿಕೊಳ್ಳುವ ಅಧಿಕಾರಿ. 17ನೇ ಶತಮಾನದವನೊಬ್ಬ ಕಾರ್ಖಾನೆ ಅಂದಿದ್ದರೆ ಅದರಲ್ಲೂ ಉಗ್ರಾಣದ ವಾಸನೆ ಇರುತ್ತಿತ್ತು. ಎರಡೂ ಶಬ್ದಗಳು ಯಂತ್ರ ಬಂದ ಮೇಲೆ ಒಂದೇ ಕಡೆ ಹೊರಳಿದವು. ಈಗಿನ ಓದುಗನಿಗೆ ಹಳೆಯ ವಾಸನೆ ಬರುವುದಿಲ್ಲ, ಹಾಗಾಗಿ ಬೇಡ.

ಈಗ ಫ್ಯಾಕ್ಟರನಿಗೆ ‘ದಲಾಲ’ ಅಂತ ಬರೆಯುವವರಿದ್ದಾರೆ. ಇದು ಮೇಲ್ನೋಟಕ್ಕೆ ಸರಿ ಕಂಡರೂ ಕಾನೂನಿನಲ್ಲಿ ಎರಡೂ ಬೇರೆ. ಬ್ರೋಕರ್ ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸಿ ಪಕ್ಕಕ್ಕೆ ಸರಿಯುತ್ತಾನೆ, ಮಾಲು ಅವನ ಕೈಗೆ ಬರುವುದಿಲ್ಲ. ಫ್ಯಾಕ್ಟರನ ಕೈಯಲ್ಲಿ ಮಾಲು ಇರುತ್ತದೆ, ತನ್ನ ಹೆಸರಲ್ಲೇ ಮಾರುವ ಅಧಿಕಾರವೂ ಇರುತ್ತದೆ. ಭಾರತದ 1872ರ ಕರಾರು ಕಾಯ್ದೆಯ 171ನೇ ಕಲಮು ತೆಗೆದು ನೋಡಿ: ಬ್ಯಾಂಕಿನವರು, ಫ್ಯಾಕ್ಟರ್‌ಗಳು, ಬಂದರುಕಟ್ಟೆಯ ಧಣಿಗಳು ಮುಂತಾದವರು ತಮಗೆ ಬರಬೇಕಾದ ಒಟ್ಟು ಬಾಕಿಗಾಗಿ ಕೈಯಲ್ಲಿರುವ ಮಾಲನ್ನು ತಡೆಹಿಡಿಯಬಹುದು. ಮಾಲು ಕೈಯಲ್ಲಿದ್ದರಲ್ಲವೆ ತಡೆಹಿಡಿಯುವ ಮಾತು? 17ನೇ ಶತಮಾನದ ಫ್ಯಾಕ್ಟರ್ ಆ ಕಲಮಿನಲ್ಲಿ ಹಾಗೇ ಕೂತಿದ್ದಾನೆ. ಶಿರಸಿಯವರ ಮಾತಿನಲ್ಲಿ ಹೇಳುವುದಾದರೆ ಅವನು ಅಡತಿ ಅಂಗಡಿಯವನು. ಕಾರವಾರದವನು ಕಂಪನಿಯ ಸಂಬಳದವನೂ ಆದ್ದರಿಂದ ಫಲಕಕ್ಕೆ ‘ವಖಾರಿಯ ಅಧಿಕಾರಿ’ ಅಥವಾ ‘ಕಂಪನಿಯ ಕಾರಭಾರಿ’ ಅಂದರೆ ಒಪ್ಪುತ್ತದೆ.

ಅಕ್ಕೋರೆ, ನೀವು ಇನ್ನೂ ಪುಟಗಳನ್ನು ಅನುವಾದಿಸುವುದಿದ್ದರೆ ಇದಕ್ಕಿಂತ ಅಪಾಯದ ಶಬ್ದವೊಂದು ಕಾದಿದೆ: ‘ಇನ್ವೆಸ್ಟ್‌ಮೆಂಟ್’. ಈಗ ಬಂಡವಾಳ ಹೂಡಿಕೆ. ಕಂಪನಿಯ ಕಾಗದದಲ್ಲಿ ಅದು ಆ ವರ್ಷ ಹಡಗಿಗೆ ಹೇರಲು ಕೊಳ್ಳುವ ಸರಕಿನ ಮೊತ್ತ. ‘ಈ ವರ್ಷದ ಇನ್ವೆಸ್ಟ್‌ಮೆಂಟ್ ಕೆಟ್ಟದಾಗಿದೆ’ ಅಂದರೆ ಬಟ್ಟೆಯೋ ಮೆಣಸೋ ಕಳಪೆಯಾಗಿ ಬಂದಿದೆ ಅಂತ ಅರ್ಥ. ಇದನ್ನು ಹೂಡಿಕೆ ಅಂತ ಮಾಡಿದರೆ ಇಂಗ್ಲಿಷರು ಕಾರವಾರದಲ್ಲಿ ಹಣ ತಂದು ಉದ್ಯಮ ಬೆಳೆಸಿದರು ಅನ್ನುವ ಚಿತ್ರ ಬರುತ್ತದೆ. ‘ಕಾರ್ಖಾನೆಯಲ್ಲಿ ಹೂಡಿಕೆ’ ಅಂತ ಎರಡೂ ಕೂಡಿದರೆ ಅಲ್ಲಿಗೆ ಇತಿಹಾಸ ತಲೆಕೆಳಗು. ‘ವರ್ಷದ ಖರೀದಿ’ ಅಂತ ಬರೆಯಿರಿ.

‘ಗಾರ್ಬಲ್ಡ್ ಪೆಪ್ಪರ್’ ಅಂತಲೂ ಕಂಡೀತು. ಈಗ ಗಾರ್ಬಲ್ ಅಂದರೆ ಮಾತನ್ನು ತಿರುಚಿ ಅಸ್ಪಷ್ಟ ಮಾಡುವುದು. ಆಗ ಅದಕ್ಕೆ ತೀರ ಉಲ್ಟಾ ಅರ್ಥ, ಜರಡಿ ಹಿಡಿದು ಕಸ ತೆಗೆದ ಮೆಣಸು. ಅರಬ್ಬಿಯಲ್ಲಿ ‘ಘರ್ಬಲ’ ಅಂದರೆ ಜರಡಿ ಹಿಡಿಯುವುದು. ಇಟಲಿಯ ವರ್ತಕರ ಮೂಲಕ ಇಂಗ್ಲಿಷಿಗೆ ಬಂತು. ಲಂಡನ್ನಿನಲ್ಲಿ ಸಾಂಬಾರ ಪದಾರ್ಥ ಜರಡಿ ಹಿಡಿಸಿ ಪರೀಕ್ಷಿಸುವ ಅಧಿಕಾರಿಯೇ ಇದ್ದ. ಆಮೇಲೆ ಯಾರದೋ ಮಾತಿನಲ್ಲಿ ತಮಗೆ ಬೇಕಾದ್ದನ್ನಷ್ಟೇ ಜರಡಿ ಹಿಡಿದು ಹೇಳುವುದಕ್ಕೆ ಈ ಶಬ್ದ ಬಳಸಿದರು, ಅಲ್ಲಿಂದ ಕೆಟ್ಟ ಅರ್ಥ ಅಂಟಿತು.

ಎಲ್ಲ ಹಳೆಯ ಫ್ಯಾಕ್ಟರಿಯನ್ನೂ ಕಣ್ಣುಮುಚ್ಚಿ ವಖಾರಿ ಮಾಡುವ ಹಾಗಿಲ್ಲ ಅಂತಲೂ ನೆನಪಿರಲಿ. ಬಂಗಾಳದ ನೀಲಿ ಫ್ಯಾಕ್ಟರಿಯಲ್ಲಿ ಗಿಡವನ್ನು ತೊಟ್ಟಿಯಲ್ಲಿ ನೆನೆಸಿ, ಬಡಿದು, ಬಣ್ಣ ತೆಗೆಯುತ್ತಿದ್ದರು. ಅದು ತಯಾರಿಕೆಯೇ, ಆದರೂ ಜನ ಅದನ್ನು ‘ನೀಲ್ ಕೋಠಿ’ ಅಂದರು. ಘಾಜಿಪುರದ ಅಫೀಮಿನ ಫ್ಯಾಕ್ಟರಿಯೂ ಹಾಗೇ. ಎದುರಿಗೆ ಬಂದ ಸಾಲಿನಲ್ಲಿ ಫ್ಯಾಕ್ಟರಿಗೆ ‘ಚೀಫ್’, ‘ಕೌನ್ಸಿಲ್’ ಇದ್ದಾರಾ, ಹಡಗು ಮುಂಗಡದ ಮಾತು ಬರುತ್ತದಾ ನೋಡಿ, ಬಂದರೆ ವಖಾರಿ. ಕೂಲಿಗಳು, ತೊಟ್ಟಿ, ಒಲೆ, ಚಕ್ರ ಬಂದರೆ ಕಾರ್ಖಾನೆ. 1881ರ ಭಾರತದ ಫ್ಯಾಕ್ಟರಿ ಕಾಯ್ದೆಯಿಂದ ಈಚೆಗೆ ಅನುಮಾನವೇ ಇಲ್ಲ. ಆ ಕಾಯ್ದೆ ಯಂತ್ರಬಲದಿಂದ ನಡೆಯುವ, 100 ಜನರಿಗೆ ಕಡಿಮೆಯಿಲ್ಲದ ಜಾಗವನ್ನು ಫ್ಯಾಕ್ಟರಿ ಅಂದಿತು. 1948ರ ಕಾಯ್ದೆ ಅದನ್ನು ಯಂತ್ರಬಲವಿದ್ದರೆ 10, ಇಲ್ಲದಿದ್ದರೆ 20 ಜನಕ್ಕೆ ಇಳಿಸಿತು.

ಕಾಳಿದಂಡೆ ಅಕ್ಕೋರು, ಕಾರವಾರ

ಎಲ್ಲರಿಗೂ ತುಂಬಾ ಉಪಕಾರ. ವಖಾರಿ ಅಂತಲೇ ನಿಶ್ಚಯ. ಇನ್ನೆರಡು ಅನುಮಾನ. ಸದಾಶಿವಗಡದ ಕೋಟೆಯೇ ಇಂಗ್ಲಿಷರ ಫ್ಯಾಕ್ಟರಿ ಅಂತ ಕೆಲವರು ಹೇಳುತ್ತಾರೆ, ನಿಜವಾ? ಮತ್ತೆ ವಖಾರಿ ಯಾವಾಗ, ಯಾಕೆ ಮುಚ್ಚಿತು? ಸದ್ಯದ ಕರಡು ಹೀಗಿದೆ:

‘1638ರಲ್ಲಿ ಇಂಗ್ಲೆಂಡಿನ ಕೋರ್ಟೀನ್ ಸಂಘದವರು ಕಾಳಿ ದಂಡೆಯ ಕಡವಾಡದಲ್ಲಿ ವಖಾರಿ ತೆರೆದರು. ವಖಾರಿ ಅಥವಾ ಕೋಠಿ ಎಂದರೆ ವರ್ತಕರು ವಾಸವಿದ್ದು ಸರಕು ಕೊಂಡು ಕೂಡಿಡುವ ಮನೆ. ಇಂಗ್ಲಿಷಿನಲ್ಲಿ ಆಗ ಇದಕ್ಕೆ ಫ್ಯಾಕ್ಟರಿ ಎನ್ನುತ್ತಿದ್ದರು. ಹುಬ್ಬಳ್ಳಿಯ ಮಸ್ಲಿನ್, ಸೋದೆಯ ಕಾಳುಮೆಣಸು ಇಲ್ಲಿಂದ ಹಡಗೇರಿ ವಿಲಾಯತಿಗೆ ಹೋಗುತ್ತಿದ್ದವು.’

ಹಳೇಕಡತ, ಅಂಕೋಲಾ

ಸದಾಶಿವಗಡ ಅಲ್ಲ, ಅಕ್ಕೋರೆ. ಅದು ನದಿಯ ಉತ್ತರ ದಂಡೆ, ಕಡವಾಡ ದಕ್ಷಿಣ ದಂಡೆ. ಸದಾಶಿವಗಡವನ್ನು ಕಟ್ಟಿಸಿದ್ದು ಸೋದೆಯ ಅರಸ, ಹಳೆಯ ಕಾರವಾರದ ಕೋಟೆಯನ್ನು 1715ರಲ್ಲಿ ಕೆಡವಿದ ಮೇಲೆ. ನದಿಯ ಬಾಯಲ್ಲೇ ಆ ಕೋಟೆ ಎದ್ದಾಗ ಒಳಗಿದ್ದ ವಖಾರಿಗೆ ಉಸಿರು ಕಟ್ಟಿತು. ಅರಸನ ಜತೆ ಹಗೆ ಬೆಳೆದು 1720ರಲ್ಲಿ ವಖಾರಿ ಮುಚ್ಚಿದರು. ಫ್ಯಾಕ್ಟರಿ ಅಂದರೆ ಕೋಟೆ ಅನ್ನುವ ಗೊಂದಲ ಮದರಾಸಿನಿಂದ ಬಂದದ್ದಿರಬೇಕು. ಅಲ್ಲಿ ವಖಾರಿಯ ಸುತ್ತ ಕೋಟೆ ಕಟ್ಟಿಕೊಂಡರು.

ಮುಚ್ಚಿದ್ದು ಒಂದೇ ಸಲ ಅಲ್ಲ. 1665ರಲ್ಲಿ ಶಿವಾಜಿ ಬಂದಾಗ ಊರಿನವರು ಕೂಡಿಸಿ ಕೊಟ್ಟ ಹಣದಲ್ಲಿ ಇಂಗ್ಲಿಷರ ಪಾಲು 112 ಪೌಂಡು. 1673ರಲ್ಲಿ ಕಾರವಾರದ ಫೌಜುದಾರ, ಅಂದರೆ ಸೇನಾಧಿಕಾರಿ, ವಖಾರಿಗೆ ಮುತ್ತಿಗೆ ಹಾಕಿದ. 1674ರಲ್ಲಿ ಶಿವಾಜಿ ಊರನ್ನು ಸುಟ್ಟರೂ ಇಂಗ್ಲಿಷರಿಗೆ ತೊಂದರೆ ಮಾಡಲಿಲ್ಲ. ಸ್ಥಳೀಯ ನಾಯಕರ ವಸೂಲಿ ತಡೆಯಲಾರದೆ 1679ರಲ್ಲಿ ಮುಚ್ಚಿ, 1682ರಲ್ಲಿ ಮೊದಲಿಗಿಂತ ದೊಡ್ಡದಾಗಿ ಮತ್ತೆ ತೆರೆದರು. 1684ರಲ್ಲಿ ಒಂದು ಸಣ್ಣ ಹಡಗಿನ ಆಳುಗಳು ಊರ ದನವನ್ನು ಕದ್ದು ಕೊಂದರು, ಜನ ತಿರುಗಿಬಿದ್ದು ಇಂಗ್ಲಿಷರನ್ನು ಓಡಿಸುವುದೊಂದೇ ಬಾಕಿ ಇತ್ತು. 1720ರ ನಂತರ 1750ರಲ್ಲಿ ಮತ್ತೆ ಬಂದರು. 1752ರಲ್ಲಿ ಪೋರ್ಚುಗೀಸರು ಸದಾಶಿವಗಡ ಹಿಡಿದು, ಕಾರವಾರದ ವ್ಯಾಪಾರವೆಲ್ಲ ತಮ್ಮದೇ ಅಂದಾಗ ಇಂಗ್ಲಿಷರು ತಮ್ಮ ಏಜೆಂಟನನ್ನು ವಾಪಸು ಕರೆಸಿಕೊಂಡರು. ಹಾಗಾಗಿ ‘1638ರಿಂದ 1752ರವರೆಗೆ, ನಡುವೆ ಹಲವು ಸಲ ನಿಂತು’ ಅಂತ ಬರೆಯಿರಿ. ಸತತ 114 ವರ್ಷ ಅಂತ ಲೆಕ್ಕ ಹಾಕಿದರೆ ತಪ್ಪಾಗುತ್ತದೆ.

ಕರಡಿನಲ್ಲಿ ಒಂದು ತಿದ್ದುಪಡಿ. ‘ಹುಬ್ಬಳ್ಳಿಯ ಮಸ್ಲಿನ್’ ಅನ್ನುವ ಕಡೆ ‘ಹುಬ್ಬಳ್ಳಿ ಮತ್ತು ಸುತ್ತಲಿನ ನೇಕಾರರು ನೇಯ್ದ ಮಸ್ಲಿನ್’ ಅಂತ ಸೇರಿಸಿ. ನಾಲ್ಕು ಶಬ್ದ ಹೆಚ್ಚಾಗುತ್ತದೆ, ಪರವಾಗಿಲ್ಲ.

ವಖಾರಿ ಲೆಕ್ಕ, ಶಿರಸಿ

‘ಸೋದೆಯ ಕಾಳುಮೆಣಸು’ ಅನ್ನುವುದನ್ನು ‘ಸೋದೆ ಸೀಮೆಯ’ ಅಂತ ಮಾಡಿ. ಸೋದೆ ಒಂದು ಊರು, ಮೆಣಸು ಬಂದದ್ದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ತೋಟಗಳಿಂದೆಲ್ಲ. ಶಬ್ದ ಬರೆಯುವಾಗ ‘ವಖಾರಿ’ ಅಂತಲೇ ಬರೆಯಿರಿ. ‘ಖ’ ಬದಲು ‘ಕ’ ಹಾಕಿದ ಬೋರ್ಡುಗಳೂ ಇವೆ, ಫಲಕ ಬರೆಯುವವರು ಅದನ್ನೇ ನೋಡಿ ಬರೆದುಬಿಡಬಹುದು. ಬಣ್ಣ ಬಳಿಯುವ ಮೊದಲು ಒಮ್ಮೆ ಪೆನ್ಸಿಲ್‌ನಲ್ಲಿ ಬರೆಸಿ ನೋಡಿಕೊಳ್ಳಿ, ಅಕ್ಕೋರೆ.